ಭಾವ ಬತ್ತಿದಾಗ ಪ್ರಾರ್ಥನೆ ನಿಲ್ಲಿಸಬೇಕೇ?

ಓದುಗರ ಪತ್ರ:

“ಮಾನ್ಯ ಸಂಪಾದಕರೇ, ನನ್ನ ಮಗ ಸಭೆಗೆ ಬರುವುದನ್ನು ಬಿಟ್ಟು ಆರು ವರ್ಷವಾಯಿತು. ಅಂದಿನಿಂದ ಅವನಿಗಾಗಿ ಪ್ರಾರ್ಥಿಸುತ್ತಲೇ ಇದ್ದೇನೆ, ಏನೂ ಬದಲಾಗಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಂದು ಗಂಟೆ ಪ್ರಾರ್ಥಿಸಬೇಕೆಂದು ಎಷ್ಟೋ ಸಲ ತೀರ್ಮಾನ ಮಾಡಿದೆ. ಎರಡು ವಾರ ದಾಟುವುದಿಲ್ಲ. ಮೊಣಕಾಲೂರಿದ ಕೂಡಲೇ ಮನಸ್ಸು ಎಲ್ಲೆಲ್ಲೋ ಓಡುತ್ತದೆ. ಆರಾಧನೆಯಲ್ಲಿ ಎಲ್ಲರೂ ಕಣ್ಣೀರಿಟ್ಟು ಹಾಡುವಾಗ ನಾನು ಸುಮ್ಮನೆ ನಿಂತಿರುತ್ತೇನೆ. ‘ನಿಮ್ಮಲ್ಲಿ ವಿಶ್ವಾಸ ಕಡಿಮೆ’ ಎಂದು ಪರಿಚಯದವರು ಹೇಳುತ್ತಾರೆ. ಮನಸ್ಸಿಲ್ಲದೆ ಪ್ರಾರ್ಥಿಸುವುದು ಕಪಟವಲ್ಲವೇ? ಭಾವ ಮರಳಿ ಬರುವವರೆಗೆ ನಿಲ್ಲಿಸಿದರೆ ತಪ್ಪೇ?”
ಹೆಸರು ಪ್ರಕಟಿಸಬಾರದೆಂದು ಕೋರಿದ ಓದುಗರು

ಸಂಪಾದಕರ ಉತ್ತರ:

ಪ್ರಿಯ ಸಹೋದರಿ,

ನಿಲ್ಲಿಸಬೇಡಿ. ಆದರೆ ಈಗ ನಡೆಸುತ್ತಿರುವ ರೀತಿಯಲ್ಲೇ ಮುಂದುವರಿಸಲೂ ಬೇಡಿ. ನಿಮ್ಮ ಪತ್ರದಲ್ಲಿ ನಮಗೆ ವಿಶ್ವಾಸದ ಕೊರತೆ ಕಾಣಲಿಲ್ಲ. ಶಕ್ತಿ ಮೀರಿದ ಹರಕೆಗಳನ್ನು ಹೊತ್ತು, ಅವು ಕೈತಪ್ಪಿದಾಗಲೆಲ್ಲ ತಮ್ಮನ್ನೇ ದೂರಿಕೊಂಡು ದಣಿದಿರುವ ತಾಯಿಯೊಬ್ಬರು ಕಂಡರು.

ಕಪಟದ ಮಾತನ್ನು ಮೊದಲು ಮುಗಿಸೋಣ. ಮತ್ತಾಯ 6ನೇ ಅಧ್ಯಾಯದಲ್ಲಿ ಯೇಸು ಕಪಟಿಗಳೆಂದದ್ದು, ಜನ ನೋಡಲಿ ಎಂದು ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರನ್ನು. ಯಾರೂ ಕಾಣದ ಹೊತ್ತಿನಲ್ಲಿ ಬಾಗಿಲು ಮುಚ್ಚಿ ಕೂತ ನಿಮಗೆ ಆ ಮಾತು ತಗಲುವುದಿಲ್ಲ. ಇಲ್ಲದ ಭಾವವನ್ನು ಇದೆಯೆಂದು ತೋರಿಸಿದರೆ ಕಪಟ. “ಕರ್ತನೇ, ಇವತ್ತು ನಿನ್ನ ಬಳಿಗೆ ಬರಲು ಮನಸ್ಸೇ ಇರಲಿಲ್ಲ, ಆದರೂ ಬಂದಿದ್ದೇನೆ” ಎಂದರೆ ಅದು ಸತ್ಯ, ಅದೇ ಪ್ರಾರ್ಥನೆಯ ಮೊದಲ ಸಾಲಾಗಬಹುದು. 88ನೇ ಕೀರ್ತನೆಯನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಅದರಲ್ಲಿ ಸಮಾಧಾನದ ತಿರುವಿಲ್ಲ, ಕೊನೆಯ ಮಾತೇ ಕತ್ತಲೆ. ಆದರೂ ನಾನು ನಿನಗೆ ಮೊರೆಯಿಡುತ್ತಿದ್ದೇನೆ ಎಂದು ಆ ಭಕ್ತ ಮೊದಲ ವಚನದಲ್ಲಿ ಹೇಳುತ್ತಾನೆ, 9ನೇ ವಚನದಲ್ಲಿ ಮತ್ತೆ ಹೇಳುತ್ತಾನೆ, 13ನೇ ವಚನದಲ್ಲಿ ಮೂರನೇ ಸಲ ಹೇಳುತ್ತಾನೆ. ಭಾವ ಬತ್ತಿಹೋದವನ ಪ್ರಾರ್ಥನೆಯನ್ನೂ ದೇವರು ತನ್ನ ವಾಕ್ಯದೊಳಗೆ ಸೇರಿಸಿಕೊಂಡಿದ್ದಾನೆ.

“ವಿಶ್ವಾಸ ಕಡಿಮೆ” ಎಂದವರಿಗೆ ಲೂಕ 18ನೇ ಅಧ್ಯಾಯದ ವಿಧವೆಯನ್ನು ತೋರಿಸಿ. ಆಕೆಯ ಭಾವ ಹೇಗಿತ್ತೆಂದು ಯೇಸು ಒಂದು ಮಾತೂ ಹೇಳುವುದಿಲ್ಲ. ನ್ಯಾಯ ಕೇಳಿಕೊಂಡು ಒಬ್ಬ ನ್ಯಾಯಾಧಿಪತಿಯ ಬಳಿಗೆ ಪದೇ ಪದೇ ಬರುತ್ತಿದ್ದಳು ಎಂದಷ್ಟೇ ಹೇಳುತ್ತಾನೆ. ಆ ಸಾಮ್ಯವನ್ನು, ಅಂದರೆ ದೃಷ್ಟಾಂತಕಥೆಯನ್ನು, ಮುಗಿಸುವಾಗ ಮನುಷ್ಯಕುಮಾರನು ಬಂದಾಗ ಭೂಮಿಯ ಮೇಲೆ ನಂಬಿಕೆಯನ್ನು ಕಾಣುವನೋ ಎಂದು ಕೇಳುತ್ತಾನೆ. ಅಂದರೆ ಅಲ್ಲಿ ನಂಬಿಕೆ ಕಣ್ಣಿಗೆ ಬೀಳುವುದೇ ಮರಳಿ ಬಂದು ಬಾಗಿಲು ತಟ್ಟುವುದರಲ್ಲಿ. ಆರು ವರ್ಷ ಬಂದವರು ನೀವು. ಇಲ್ಲಿ ಒಂದು ಎಚ್ಚರಿಕೆಯೂ ಬೇಕು: ದೇವರನ್ನು ಆ ನ್ಯಾಯಾಧಿಪತಿಗೆ ಹೋಲಿಸಿ, ಪೀಡಿಸಿ ಪೀಡಿಸಿ ಒಪ್ಪಿಸಬೇಕೆಂದು ಬೋಧಿಸುವವರಿದ್ದಾರೆ. ಸಾಮ್ಯ ಹೇಳುವುದು ಅದಕ್ಕೆ ತದ್ವಿರುದ್ಧ. ದೇವರಿಗೆ ಹೆದರದ, ಮನುಷ್ಯರನ್ನು ಲಕ್ಷಿಸದ ಒಬ್ಬನೇ ಕೊನೆಗೆ ಕಿವಿಗೊಟ್ಟ ಮೇಲೆ, ತನ್ನವರನ್ನು ಪ್ರೀತಿಸುವ ತಂದೆ ಕೇಳದೆ ಇರುವನೇ ಎಂಬುದು ಯೇಸುವಿನ ವಾದ.

ಈಗ ನಿಮ್ಮ ನಾಲ್ಕು ಗಂಟೆಯ ತೀರ್ಮಾನಕ್ಕೆ ಬರೋಣ. ಅದು ಪ್ರತಿ ಸಲ ಎರಡೇ ವಾರಕ್ಕೆ ಮುರಿಯಲು ಕಾರಣ ಸರಳ: ಉತ್ಸಾಹ ತುಂಬಿದ ದಿನ ಅಳತೆ ಇಟ್ಟಿರಿ, ದಣಿದ ದಿನ ಅದನ್ನು ಹೊರಬೇಕಾಯಿತು. ಅಳತೆಯನ್ನು ನಿಮ್ಮ ಅತಿ ಕೆಟ್ಟ ದಿನಕ್ಕೆ ಇಡಿ. ಜ್ವರ ಬಂದ ದಿನ, ನೆಂಟರು ತುಂಬಿದ ದಿನ, ಮಗನೊಡನೆ ಮಾತಿಗೆ ಮಾತು ಬೆಳೆದ ದಿನವೂ ಮಾಡಬಹುದಾದಷ್ಟು. ಹೆಚ್ಚಿನವರಿಗೆ ಅದು ಬೆಳಗ್ಗೆ ಹತ್ತು ನಿಮಿಷ, ರಾತ್ರಿ ಐದು ನಿಮಿಷ. ಇಷ್ಟೇನಾ ಎನಿಸಬಹುದು. ಆರನೇ ಶತಮಾನದಲ್ಲಿ ಬೆನೆಡಿಕ್ಟ್ ತನ್ನ ಮಠದವರಿಗೆ ಬರೆದ ನಿಯಮದಲ್ಲೂ ದೇವರ ಕೃಪೆಯ ಪ್ರೇರಣೆಯಿಂದ ದೀರ್ಘವಾದರೆ ಸರಿ, ಇಲ್ಲದಿದ್ದರೆ ಪ್ರಾರ್ಥನೆ ಚಿಕ್ಕದಾಗಿಯೂ ಶುದ್ಧವಾಗಿಯೂ ಇರಲಿ ಎಂದೇ ಇದೆ. ಬದುಕನ್ನೆಲ್ಲ ಪ್ರಾರ್ಥನೆಗೆ ಮುಡಿಪಿಟ್ಟವರಿಗೆ ಹೇಳಿದ ಮಾತದು.

ಬೆಳಗಿನ ಹತ್ತು ನಿಮಿಷ ಹೀಗಿರಲಿ. ಮೊದಲ ಒಂದು ನಿಮಿಷ ಏನೂ ಕೇಳದೆ ಕೂತು, ಯಾರ ಮುಂದೆ ಕೂತಿದ್ದೇನೆಂದು ನೆನೆಯಿರಿ. ನಂತರ ಒಂದು ಕೀರ್ತನೆಯನ್ನು, ಅಥವಾ ಉದ್ದದ ಕೀರ್ತನೆಯ ಎಂಟು ಹತ್ತು ವಚನಗಳನ್ನು, ತುಟಿ ಅಲುಗುವಂತೆ, ನಿಮ್ಮ ಕಿವಿಗೆ ಕೇಳುವಷ್ಟು ದನಿಯಲ್ಲಿ ಓದಿ. ಅದರಲ್ಲಿ ಒಂದು ಸಾಲನ್ನು ಆರಿಸಿ, ಅದಕ್ಕೆ ನಿಮ್ಮ ಮಾತಿನಲ್ಲಿ ಒಂದೋ ಎರಡೋ ವಾಕ್ಯದಲ್ಲಿ ಉತ್ತರ ಕೊಡಿ. ಬಳಿಕ ಮೂರು ನಿಮಿಷ ಬೇರೆಯವರ ಹೆಸರುಗಳು. ಕೊನೆಗೆ ಕರ್ತನು ಕಲಿಸಿದ ಪ್ರಾರ್ಥನೆ, ಒಂದೊಂದು ಬೇಡಿಕೆಯ ನಡುವೆ ಉಸಿರು ಬಿಟ್ಟು. ರಾತ್ರಿ ದಿನದ ಒಂದು ಉಪಕಾರವನ್ನು ನೆನೆದು ಸ್ತೋತ್ರ, ಒಂದು ತಪ್ಪಿನ ಅರಿಕೆ, ಮತ್ತೆ ಕರ್ತನ ಪ್ರಾರ್ಥನೆ. ಅದನ್ನು ದಿನಕ್ಕೆ ಮೂರು ಸಲ ಹೇಳಬೇಕೆಂದು ಆದಿಸಭೆಯ ‘ದಿದಾಖೆ’ ಎಂಬ ಕೈಪಿಡಿಯಲ್ಲೇ ಇದೆ. ಬಾಯಿಪಾಠದ ಪ್ರಾರ್ಥನೆಯನ್ನು ಕೀಳೆಂದು ಕಾಣಬೇಡಿ. ಸ್ವಂತ ಮಾತು ಹುಟ್ಟದ ದಿನ ನಿಮ್ಮನ್ನು ಹಿಡಿದು ನಿಲ್ಲಿಸುವುದು ಅದೇ.

ಹೊತ್ತಿಗಿಂತ ಹೊತ್ತಿನ ಗುರುತು ಮುಖ್ಯ. “ಬೆಳಗ್ಗೆ ಯಾವಾಗಲಾದರೂ” ಎಂದರೆ ಯಾವಾಗಲೂ ಆಗುವುದಿಲ್ಲ. ಪ್ರತಿದಿನ ತಪ್ಪದೆ ಮಾಡುವ ಒಂದು ಕೆಲಸದ ಹಿಂದೆ ಅದನ್ನು ಕಟ್ಟಿ: ಮುಖ ತೊಳೆದ ಕೂಡಲೇ, ಅದೇ ಕುರ್ಚಿಯಲ್ಲಿ, ಕಾಗದದ ಬೈಬಲನ್ನು ತೆರೆದು. ಮೊಬೈಲಿನಲ್ಲಿ ವಾಕ್ಯ ಓದಲು ಹೋದರೆ ಸಂದೇಶಗಳು ಮೊದಲು ಕಣ್ಣಿಗೆ ಬೀಳುತ್ತವೆ, ಹತ್ತು ನಿಮಿಷ ಅಲ್ಲೇ ಮುಗಿಯುತ್ತದೆ. ದಾನಿಯೇಲನ ಸಂಗತಿಯನ್ನು ಗಮನಿಸಿ. ಪ್ರಾರ್ಥಿಸಿದರೆ ಸಿಂಹಗಳ ಗವಿ ಎಂಬ ಶಾಸನ ಹೊರಟ ದಿನ ಅವನು ಹೊಸದೇನನ್ನೂ ಶುರು ಮಾಡಲಿಲ್ಲ. ಮೊದಲಿನಿಂದ ಮಾಡುತ್ತಿದ್ದಂತೆಯೇ ದಿನಕ್ಕೆ ಮೂರಾವರ್ತಿ ಮೊಣಕಾಲೂರಿದ ಎಂದಿದೆ. ಕಷ್ಟದ ದಿನ ಅವನನ್ನು ಹಿಡಿದದ್ದು ಸಾಧಾರಣ ದಿನಗಳ ರೂಢಿ.

ಒಂದು ದಿನ ತಪ್ಪಿದರೆ? ತಪ್ಪೇ ತಪ್ಪುತ್ತದೆ. ಆಗ ಬಾಕಿ ತೀರಿಸಲು ಹೋಗಬೇಡಿ. ನಿನ್ನೆಯದನ್ನೂ ಸೇರಿಸಿ ಇಪ್ಪತ್ತು ನಿಮಿಷ, ಮೊನ್ನೆಯದಕ್ಕೆ ಮೂವತ್ತು ಎಂದು ಲೆಕ್ಕ ಹಾಕಿದವರು ನಾಲ್ಕನೇ ದಿನಕ್ಕೆ ಪೂರ್ತಿ ಬಿಡುತ್ತಾರೆ. ಎಷ್ಟೋ ಜನರ ಪ್ರಾರ್ಥನಾಜೀವನ ಸೋಮಾರಿತನದಿಂದ ಸತ್ತದ್ದಲ್ಲ, ಈ ಬಾಕಿಯ ಭಾರಕ್ಕೆ ಸತ್ತದ್ದು. ತಪ್ಪಿದ್ದಕ್ಕೆ ಒಂದೇ ವಾಕ್ಯದಲ್ಲಿ ಕ್ಷಮೆ ಕೇಳಿ, ಮುಂದಿನ ಹೊತ್ತಿಗೆ ಎಂದಿನ ಅಳತೆಯನ್ನೇ ಮಾಡಿ.

ಓಡುವ ಮನಸ್ಸಿನ ವಿಷಯಕ್ಕೆ ತುಂಬ ಬೆಲೆ ಕೊಡಬೇಡಿ. ಮಾಡಬೇಕಾದ ಕೆಲಸ ನೆನಪಾದರೆ ಪಕ್ಕದ ಚೀಟಿಯಲ್ಲಿ ಒಂದು ಪದ ಗೀಚಿ ಮುಂದುವರಿಯಿರಿ. ಚಿಂತೆ ಬಂದರೆ ಅದನ್ನೇ ಪ್ರಾರ್ಥನೆಯ ವಿಷಯ ಮಾಡಿ. ಗದರಿಕೊಂಡು ಕೂತರೆ ಗದರಿಕೆಯೇ ಇನ್ನೊಂದು ಅಲೆದಾಟವಾಗುತ್ತದೆ. ಐದನೇ ಶತಮಾನದಲ್ಲಿ ಜಾನ್ ಕ್ಯಾಸಿಯನ್ ಎಂಬ ಸನ್ಯಾಸಿ 70ನೇ ಕೀರ್ತನೆಯ ಮೊದಲ ವಚನವನ್ನು, ಅಂದರೆ ದೇವರೇ ನನ್ನ ಸಹಾಯಕ್ಕೆ ಬೇಗ ಬಾ ಎಂಬ ಮೊರೆಯನ್ನು, ಮನಸ್ಸು ಚದುರಿದಾಗೆಲ್ಲ ಹೇಳಲು ಸೂಚಿಸಿದ. ಅಡುಗೆ ಮಾಡುತ್ತಾ, ನಡೆಯುತ್ತಾ ಹೇಳಲೂ ಅದು ತಕ್ಕದ್ದು. ಎಡೆಬಿಡದೆ ಪ್ರಾರ್ಥಿಸಿರಿ ಎಂಬ ಪೌಲನ ಮಾತು ಕೈಗೂಡುವ ಒಂದು ದಾರಿ ಇದು.

ನೀವು ಹೇಳುವ ಜಡತೆ ಹೊಸದಲ್ಲ. ನಾಲ್ಕನೇ ಶತಮಾನದ ಐಗುಪ್ತದ ಮರುಭೂಮಿಯಲ್ಲಿದ್ದ ಎವಾಗ್ರಿಯಸ್ ಇದನ್ನು ಹತ್ತಿರದಿಂದ ನೋಡಿ ಬರೆದಿದ್ದಾನೆ: ಬಿಸಿಲೇರಿದ ಹೊತ್ತಿಗೆ ಸನ್ಯಾಸಿಗೆ ಸೂರ್ಯ ಸರಿಯುವುದೇ ಇಲ್ಲವೆನಿಸುತ್ತದೆ, ದಿನಕ್ಕೆ ಐವತ್ತು ಗಂಟೆ ಇದೆಯೆನಿಸುತ್ತದೆ, ಪದೇ ಪದೇ ಕಿಟಕಿಯತ್ತ ನೋಡುತ್ತಾನೆ, ಈ ಜಾಗವೇ ಸರಿಯಿಲ್ಲ, ಇಲ್ಲಿನ ಸಹೋದರರಲ್ಲಿ ಪ್ರೀತಿಯೇ ಉಳಿದಿಲ್ಲ ಎಂದುಕೊಳ್ಳುತ್ತಾನೆ. ಅಂಥ ಹೊತ್ತಿನಲ್ಲಿ ಸಭೆ ಬದಲಿಸಬೇಕು, ಪದ್ಧತಿ ಬದಲಿಸಬೇಕು, ಎಲ್ಲ ಬಿಡಬೇಕು ಎನಿಸುವುದು ಸಹಜ. ಒಣಗಿದ ಕಾಲದಲ್ಲಿ ಹಿಂದಿನ ಒಳ್ಳೆಯ ತೀರ್ಮಾನಗಳನ್ನು ಬದಲಿಸಬಾರದು ಎಂದು ಹದಿನಾರನೇ ಶತಮಾನದಲ್ಲಿ ಜೆಸ್ವಿಟ್ ಸಂಘವನ್ನು ಸ್ಥಾಪಿಸಿದ ಇಗ್ನೇಷಿಯಸ್ ಲೊಯೋಲಾ ಕಲಿಸಿದ. ಪ್ರಾರ್ಥನೆಯಿಂದ ಎದ್ದುಬಿಡಬೇಕೆಂಬ ತವಕ ಹೆಚ್ಚಾದ ದಿನ ನಿಗದಿಯಾದ ಹೊತ್ತಿಗಿಂತ ಸ್ವಲ್ಪ ಹೆಚ್ಚೇ ಕೂರಬೇಕೆಂದೂ ಹೇಳಿದ. ನಿಮ್ಮ ಹತ್ತು ನಿಮಿಷದಲ್ಲಿ ಅದು ಅರ್ಧ ನಿಮಿಷ. ಮಾಡಿ ನೋಡಿ.

ಆದರೆ ಜಡತೆಯೆಲ್ಲ ಆತ್ಮಿಕವೆಂದು ತಿಳಿಯಬೇಡಿ. ಸಾಯಬೇಕೆಂದು ಬೇಡಿಕೊಂಡ ಪ್ರವಾದಿ ಎಲೀಯನಿಗೆ ದೇವರು ಮೊದಲು ಕೊಟ್ಟದ್ದು ನಿದ್ದೆ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ, ದೂತನು ಮತ್ತೆ ಎಬ್ಬಿಸಿ ತಿನ್ನಿಸಿದ. ಮಾತುಕತೆ ಆಮೇಲೆ. ರಾತ್ರಿ ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಏಳುವವರಿಗೆ ಪ್ರಾರ್ಥನೆಯಲ್ಲಿ ತೂಕಡಿಕೆ ಬಂದರೆ ಅದು ಪಾಪವಲ್ಲ, ನಿದ್ದೆ ಸಾಲದು ಅಷ್ಟೇ. ವಾರಗಟ್ಟಲೆ ಊಟ ಸೇರದೆ, ನಿದ್ದೆ ಬಾರದೆ, ಹಿಂದೆ ಇಷ್ಟವಾಗಿದ್ದ ಯಾವುದೂ ಬೇಡವಾಗಿ, ಬದುಕೇ ಬೇಡವೆನಿಸುತ್ತಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಔಷಧಿ ತೆಗೆದುಕೊಳ್ಳುವುದರಿಂದ ವಿಶ್ವಾಸಕ್ಕೆ ಯಾವ ಊನವೂ ಇಲ್ಲ. ಹಾಗೆಯೇ, ತಿಳಿದೂ ಬಿಡದ ಒಂದು ಪಾಪ, ಕ್ಷಮಿಸಲೊಲ್ಲದ ಒಂದು ಹೆಸರು ಪ್ರತಿ ಸಲ ಮೊಣಕಾಲೂರಿದಾಗ ಎದುರಿಗೆ ಬರುತ್ತಿದ್ದರೆ, ಅದನ್ನು ದಾಟಿ ಹೋಗಲು ನೋಡಬೇಡಿ. ಅಲ್ಲೇ ನಿಂತು ಇತ್ಯರ್ಥ ಮಾಡಿಕೊಳ್ಳಿ.

ಮಗನ ವಿಷಯ ನಿಮ್ಮ ಪತ್ರದ ಹೃದಯ. ಇಲ್ಲಿ ನಾವು ಮಾತು ತೂಗಿ ಬರೆಯಬೇಕು, ಏಕೆಂದರೆ ಇಂತಿಷ್ಟು ದಿನದಲ್ಲಿ ಮರಳುತ್ತಾನೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಮೋನಿಕಾಳ ಕಥೆ ನಿಮಗೆ ಗೊತ್ತಿರಬಹುದು, ಅದರಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿಯಿದೆ. ಕ್ರಿ.ಶ. 383ರಲ್ಲಿ, ಮುಂದೆ ಸಭೆಯ ಹೆಸರಾಂತ ಬೋಧಕನಾದ ಮಗ ಆಗಸ್ಟೀನ್ ರೋಮಿಗೆ ಹಡಗು ಹತ್ತಬಾರದೆಂದು ಆಕೆ ಅಳುತ್ತಾ ಪ್ರಾರ್ಥಿಸಿದಳು. ಅವನು ಸುಳ್ಳು ಹೇಳಿ, ತಾಯಿ ರಾತ್ರಿ ಪ್ರಾರ್ಥನೆಯಲ್ಲಿದ್ದಾಗಲೇ ಹೊರಟುಹೋದ. ಆ ರಾತ್ರಿಯ ಬೇಡಿಕೆ ನೆರವೇರಲಿಲ್ಲ. ಅದೇ ಪ್ರಯಾಣ ಅವನನ್ನು ಮಿಲಾನಿನ ಬಿಷಪ್ ಅಂಬ್ರೋಸನ ಬಳಿಗೆ ತಲುಪಿಸಿತು, 387ರಲ್ಲಿ ಅಲ್ಲೇ ದೀಕ್ಷಾಸ್ನಾನವಾಯಿತು. ತಾಯಿ ಆಗ ಕೇಳಿದ್ದನ್ನು ಕೊಡದೆ, ಸದಾ ಕೇಳುತ್ತಿದ್ದುದನ್ನು ದೇವರು ಕೊಟ್ಟನೆಂದು ಆಗಸ್ಟೀನ್ ತಾನೇ ಬರೆದ. ಪೌಲನ ಕಥೆ ಬೇರೆ. ಶರೀರದಲ್ಲಿ ನಾಟಿದ ಶೂಲ ತೊಲಗಲೆಂದು ಮೂರು ಸಲ ಬೇಡಿಕೊಂಡ, “ನನ್ನ ಕೃಪೆಯೇ ನಿನಗೆ ಸಾಕು” ಎಂಬ ಉತ್ತರ ಬಂತು, ಶೂಲ ಉಳಿಯಿತು. ಎರಡೂ ನಮ್ಮ ಮುಂದಿವೆ.

ಹಾಗಾದರೆ ಒಂದೇ ಬೇಡಿಕೆಯನ್ನು ಎಷ್ಟು ಸಲ ಇಡಬಹುದು? ಬಂಧನಕ್ಕೆ ಮುಂಚೆ ಗೆತ್ಸೇಮನೆ ತೋಟದಲ್ಲಿ ಯೇಸು ಮೂರನೇ ಸಲವೂ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದನೆಂದು ಮತ್ತಾಯ ಬರೆಯುತ್ತಾನೆ. ಅಲ್ಲಿಗೆ, ಒಂದೇ ಮಾತು ಮರಳಿಸುವುದು ತಪ್ಪಲ್ಲ. ಹೆಚ್ಚು ಮಾತಾಡಿದರೆ ದೇವರು ಕೇಳುತ್ತಾನೆಂಬ ಎಣಿಕೆ ತಪ್ಪು. ಇನ್ನೂ ಹತ್ತಿರದಿಂದ ಓದಿದರೆ, ಮೊದಲ ಸಲ “ಸಾಧ್ಯವಾದರೆ ಈ ಪಾತ್ರೆ ನನ್ನನ್ನು ಬಿಟ್ಟುಹೋಗಲಿ” ಎಂದಿದ್ದದ್ದು ಎರಡನೇ ಸಲ “ನಾನು ಕುಡಿಯದ ಹೊರತು ಇದು ಹೋಗದಿದ್ದರೆ ನಿನ್ನ ಚಿತ್ತದಂತೆಯೇ ಆಗಲಿ” ಎಂದಾಗಿದೆ. ಬೇಡಿಕೆ ಬಿಟ್ಟುಹೋಗಿಲ್ಲ, ಬೇಡುವವನ ಕೈ ಮೆಲ್ಲನೆ ತೆರೆದುಕೊಂಡಿದೆ.

ಮಗನಿಗಾಗಿ ದಿನಕ್ಕೆ ಮೂರು ವಾಕ್ಯ ಸಾಕು: ಅವನಿಗೆ ಬೇಕಾದ ಒಂದು ಒಳಿತು, ಅವನ ವಿಷಯದಲ್ಲಿ ಒಂದು ಸ್ತೋತ್ರ, ಅವನೊಡನೆ ನಡೆದುಕೊಳ್ಳಲು ನಿಮಗೆ ಬೇಕಾದ ಒಂದು ಕೃಪೆ. ಇದಕ್ಕಿಂತ ಉದ್ದವಾದರೆ ಪ್ರಾರ್ಥನೆ ಎಲ್ಲೋ ಒಂದು ಕಡೆ ಅವನೊಡನೆ ಮನಸ್ಸಿನೊಳಗಿನ ಜಗಳವಾಗಿ ಮಾರ್ಪಡುತ್ತದೆ, ಎದ್ದಾಗ ಸಿಟ್ಟು ಹೆಚ್ಚಿರುತ್ತದೆ. “ನಿನಗಾಗಿ ಎಷ್ಟು ಪ್ರಾರ್ಥಿಸುತ್ತಿದ್ದೇನೆ ಗೊತ್ತಾ” ಎಂದು ಅವನಿಗೆ ಹೇಳುತ್ತಿದ್ದರೆ ಅದನ್ನು ಇಂದೇ ನಿಲ್ಲಿಸಿ. ಅವನ ಕಿವಿಗೆ ಅದು ದೂರಿನಂತೆ ಬೀಳುತ್ತದೆ. ಮತ್ತೆ, ಒಬ್ಬರೇ ಹೊರಬೇಡಿ. ಅಮಾಲೇಕ್ಯರ ಯುದ್ಧದಲ್ಲಿ ಮೋಶೆಯ ಕೈಗಳು ಸೋತಾಗ ಅವನನ್ನು ಕಲ್ಲಿನ ಮೇಲೆ ಕೂರಿಸಿ, ಆರೋನನೂ ಹೂರನೂ ಆಚೆ ಈಚೆ ನಿಂತು ಸೂರ್ಯ ಮುಳುಗುವವರೆಗೆ ಕೈ ಎತ್ತಿಹಿಡಿದರು. ಬಾಯಿ ಬಿಗಿಹಿಡಿಯಬಲ್ಲ ಇಬ್ಬರನ್ನು ಕೇಳಿ, ವಾರಕ್ಕೊಂದು ದಿನ ಅವನ ಹೆಸರನ್ನು ಅವರಿಗೆ ಒಪ್ಪಿಸಿ. ಆ ದಿನ ನೀವು ಅವನ ವಿಷಯ ಎತ್ತದೆ ಕೀರ್ತನೆಯಷ್ಟೇ ಓದಿ.

ಆರಾಧನೆಯಲ್ಲಿ ಕಣ್ಣೀರು ಬಾರದ್ದಕ್ಕೆ ಕೊರಗಬೇಡಿ. ಕೀರ್ತನೆಗಳಿಂದಲೂ ಆತ್ಮಸಂಬಂಧವಾದ ಪದಗಳಿಂದಲೂ ಒಬ್ಬರಿಗೊಬ್ಬರು ಮಾತಾಡಿಕೊಳ್ಳಿರಿ ಎಂದು ಎಫೆಸದ ಸಭೆಗೆ ಪೌಲ ಬರೆದ. ಹಾಗಿದ್ದರೆ ಪಕ್ಕದವರು ಹಾಡುವ ಸಾಲು ದೇವರಿಗೆ ಸಲ್ಲುವುದರ ಜೊತೆಗೆ ನಿಮಗೂ ಹೇಳಿದ್ದು. ಬಾಯಿ ಬಾರದ ದಿನ ಕೇಳಿಸಿಕೊಳ್ಳಿ. ಐದು ನಿಮಿಷ ಮುಂಚೆ ಹೋಗಿ ಅಂದಿನ ವಾಕ್ಯಭಾಗವನ್ನು ಓದಿಡಿ, ಬಾಗಿಲ ಬಳಿಯ ಕೊನೆಯ ಸಾಲು ಬೇಡ, ಕರ್ತನ ಭೋಜನವನ್ನು ಭಾವ ಇಲ್ಲವೆಂಬ ಒಂದೇ ಕಾರಣಕ್ಕೆ ತಪ್ಪಿಸಬೇಡಿ. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತುತಂದಾಗ ಯೇಸು ನೋಡಿದ್ದು ಅವರ ನಂಬಿಕೆಯನ್ನು. ಮಲಗಿದ್ದವನ ನಂಬಿಕೆಯನ್ನು ಅಳೆದನೆಂದು ಮಾರ್ಕ ಹೇಳುವುದಿಲ್ಲ.

ಯಾವ ಕೀರ್ತನೆಯಿಂದ ಆರಂಭಿಸಲಿ ಎಂದು ಕೇಳುವಿರಾದರೆ, ಮೊದಲ ವಾರ 13, 42, 63, 77, 88, 130, 131. 88ನ್ನು ಬೆಳಗ್ಗೆ ಓದಿ, ರಾತ್ರಿ ಬೇಡ. ಆಮೇಲೆ 1ರಿಂದ ಸಾಲಾಗಿ, ದಿನಕ್ಕೊಂದು. 119ನೇ ಕೀರ್ತನೆಯಲ್ಲಿ 176 ವಚನಗಳಿರುವುದರಿಂದ ಅದನ್ನು ಎಂಟೆಂಟು ವಚನದ 22 ಭಾಗಗಳಾಗಿ ಓದಬೇಕು. ಹೀಗೆ ಇಡೀ ಪುಸ್ತಕಕ್ಕೆ 171 ದಿನ ಹಿಡಿಯುತ್ತದೆ. ಅಷ್ಟು ದಿನ ಅಳತೆ ಹೆಚ್ಚಿಸಬೇಡಿ, ಹೆಚ್ಚಿಸಬೇಕೆನಿಸಿದರೂ. ಪುಸ್ತಕ ಮುಗಿದ ಮೇಲೆ ನಮಗೆ ಇನ್ನೊಮ್ಮೆ ಬರೆಯಿರಿ.