ಬಾಳೆಸಿಪ್ಪೆಗೆ ಹೊಲಿಗೆ ಹಾಕುವ ಮಗಳು

ಪ್ರಶ್ನೆ: ಮಗಳು ಹುಬ್ಬಳ್ಳಿಯಲ್ಲಿ ಸರ್ಜರಿ ಪಿಜಿ, ಮೊದಲ ವರ್ಷ. ರಜೆಗೆ ಬಂದರೂ ಸುಮ್ನೆ ಕೂರಲ್ಲ. ಕಪಾಟಿನ ಹಿಡಿಗೆ ದಾರ ಕಟ್ಟಿ ಗಂಟು ಹಾಕುತ್ತಾಳೆ, ಬಾಳೆಸಿಪ್ಪೆ ಹೊಲಿಯುತ್ತಾಳೆ. ಪ್ಲಾಸ್ಟಿಕ್ ಡಬ್ಬಕ್ಕೆ ತೂತು ಕೊರೆದು, ಒಳಗೆ ಮೊಬೈಲ್ ಕ್ಯಾಮೆರಾ ಇಟ್ಟು, ಉದ್ದ ಕಡ್ಡಿಯಂಥ ಇಕ್ಕಳದಲ್ಲಿ ಕಡಲೆಕಾಳು ಎತ್ತಿಡುತ್ತಾಳೆ. ಕೇಳಿದರೆ ‘ಸಿಮ್ಯುಲೇಷನ್’ ಅನ್ನುತ್ತಾಳೆ. ಇಷ್ಟು ದುಡ್ಡು ಕಟ್ಟಿ ಸೇರಿಸಿದ್ದೇವೆ, ಆಸ್ಪತ್ರೆಯಲ್ಲಿ ರೋಗಿಗಳ ಮೇಲೆ ಕಲಿಸುವುದಿಲ್ಲವೇ ಡಾಕ್ಟ್ರೇ?
– ಹೆಸರು ಬೇಡ, ಶಿರಸಿ

ಉತ್ತರ: ಕಲಿಸುತ್ತಾರಮ್ಮ. ನಾನು ಕಲಿತದ್ದೆಲ್ಲ ರೋಗಿಗಳ ಮೇಲೆಯೇ. ಅದು ಹೇಗಿತ್ತು ಅಂತ ಒಂದು ರಾತ್ರಿಯ ಕತೆ ಹೇಳುತ್ತೇನೆ.

ಆಗ ನಾನು ಹೌಸ್ ಸರ್ಜನ್, ಅಂದರೆ ಎಂಬಿಬಿಎಸ್ ಓದು ಮುಗಿಸಿ ಇಂಟರ್ನ್‌ಶಿಪ್ ಮಾಡುತ್ತಿದ್ದವನು. ಕುಡುಗೋಲು ತಾಗಿ ಮೊಣಕಾಲ ಕೆಳಗೆ ಸೀಳಿಕೊಂಡಿದ್ದ ರೈತರೊಬ್ಬರು ಕ್ಯಾಜುವಾಲ್ಟಿಗೆ ಬಂದರು. ಪಿಜಿ ಓಟಿಯಲ್ಲಿದ್ದರು. ‘ಹೊಲಿಗೆ ಹಾಕಿಬಿಡು’ ಎಂದು ಹೇಳಿ ಕಳಿಸಿದರು. ಅದಕ್ಕೆ ಮೊದಲು ನಾನು ಎರಡು ಸಲ ನೋಡಿದ್ದೆ, ಅಷ್ಟೇ. ಬಾಗಿದ ಸೂಜಿಯನ್ನು ಗೋಣಿಚೀಲ ಹೊಲಿಯುವ ದಬ್ಬಳದಂತೆ ನೇರ ತಳ್ಳಿದೆ. ಸೂಜಿ ಸೊಟ್ಟಗಾಯಿತು. ಆರು ಹೊಲಿಗೆಗೆ ಮುಕ್ಕಾಲು ಗಂಟೆ ಹಿಡಿಯಿತು. ಕೊನೆಯ ಎರಡಕ್ಕೆ ಬರುವಷ್ಟರಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಇಳಿದಿತ್ತು. ಅವರು ಹಲ್ಲು ಕಚ್ಚಿಕೊಂಡು ‘ಇನ್ನ ಎಷ್ಟ್ ಅದಾವ್ರೀ ಸಾಹೇಬ್ರ?’ ಎಂದರು. ಬೈಯಲಿಲ್ಲ. ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆನೋ ಏನೋ.

ನನ್ನ ಆ ತಪ್ಪುಗಳನ್ನೇ ನಿಮ್ಮ ಮಗಳು ಬಾಳೆಸಿಪ್ಪೆಯ ಮೇಲೆ ಮಾಡಿ ಮುಗಿಸುತ್ತಿದ್ದಾಳೆ. ಒಮ್ಮೆ ಹತ್ತಿರ ಕೂತು ನೋಡಿ. ಸೂಜಿಯ ಮೊನೆ ಸಿಪ್ಪೆಗೆ ನೆಟ್ಟಗೆ ಇಳಿಯಬೇಕು. ಆಮೇಲೆ ಬೀಗದ ಕೈ ತಿರುಗಿಸಿದ ಹಾಗೆ ಮಣಿಕಟ್ಟು ತಿರುಗಬೇಕು. ತಿರುಗಿಸದೆ ಎಳೆದರೆ ಸಿಪ್ಪೆ ಪರ್‍ರ್ ಅಂತ ಹರಿಯುತ್ತದೆ. ನನಗೆ ಆ ರಾತ್ರಿ ಯಾರೂ ಹೇಳದ್ದನ್ನು ಬಾಳೆಸಿಪ್ಪೆ ಹೇಳುತ್ತದೆ.

ಇದು ಅಮೆರಿಕದಿಂದ ಬಂದ ಹೊಸ ಶೋಕಿ ಅಂದುಕೊಳ್ಳಬೇಡಿ. ಸುಶ್ರುತ ಸಂಹಿತೆಯಲ್ಲಿ ಇದಕ್ಕೇ ಒಂದು ಅಧ್ಯಾಯವಿದೆ. ಕೊಯ್ಯುವುದನ್ನು ಕುಂಬಳಕಾಯಿ, ಸೋರೆಕಾಯಿ, ಸೌತೆಕಾಯಿ ಮೇಲೆ ಕಲಿ ಅನ್ನುತ್ತದೆ. ರಕ್ತನಾಳ ಚುಚ್ಚುವುದಕ್ಕೆ ತಾವರೆ ದಂಟು ಮತ್ತು ಸತ್ತ ಪ್ರಾಣಿಯ ನಾಳ, ಹೊಲಿಗೆಗೆ ದಪ್ಪ ಬಟ್ಟೆ ಮತ್ತು ಮೆದು ಚರ್ಮ. ಎಷ್ಟೇ ಓದಿಕೊಂಡಿದ್ದರೂ ಕೈ ಪಳಗಿಸದವನು ಕೆಲಸಕ್ಕೆ ಆಗುವುದಿಲ್ಲ ಎಂದೂ ಹೇಳುತ್ತದೆ. ಇದನ್ನು ಭಾಷಣದಲ್ಲಿ ಹೆಮ್ಮೆಯಿಂದ ಹೇಳುವ ಪ್ರೊಫೆಸರುಗಳನ್ನು ಬೇಕಾದಷ್ಟು ನೋಡಿದ್ದೇನೆ. ಪಿಜಿ ಕೈಗೆ ಒಂದು ಸೋರೆಕಾಯಿ ಕೊಟ್ಟವರನ್ನು ಮಾತ್ರ ಕಂಡಿಲ್ಲ.

ಇನ್ನು ಆ ಡಬ್ಬ. ಕಿಟಕಿ ಸರಳಿನ ಸಂದಿಯಿಂದ ಕೋಲು ತೂರಿಸಿ, ಒಳಗೆ ಬಿದ್ದ ಬೀಗದ ಕೈ ಎಳೆಯಲು ನೋಡಿದ್ದೀರಾ? ಕೈ ಎಡಕ್ಕೆ ಹೋದರೆ ಕೋಲಿನ ತುದಿ ಬಲಕ್ಕೆ ಹೋಗುತ್ತದೆ. ಸಣ್ಣ ತೂತುಗಳಿಂದ ಕ್ಯಾಮೆರಾ, ಇಕ್ಕಳ ತೂರಿಸಿ ಮಾಡುವ ಆಪರೇಷನ್, ಅಂದರೆ ಲ್ಯಾಪ್ರೋಸ್ಕೋಪಿಯಲ್ಲೂ ಇದೇ ಕತೆ. ಹೊಟ್ಟೆಯ ಸಣ್ಣ ತೂತೇ ಕಿಟಕಿ ಸಂದಿ. ಕಣ್ಣು ಟಿವಿ ಮೇಲೆ. ಅಲ್ಲಿ ಆಳ ಸರಿಯಾಗಿ ತಿಳಿಯುವುದಿಲ್ಲ, ಬೆರಳಿಗೆ ಸ್ಪರ್ಶವೂ ಸಿಗುವುದಿಲ್ಲ. ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ 1990ರಲ್ಲಿ ಭಾರತದ ಮೊದಲ ಲ್ಯಾಪ್ರೋಸ್ಕೋಪಿಕ್ ಪಿತ್ತಕೋಶದ ಆಪರೇಷನ್ ಮಾಡಿದರು. ಅದಾದ ಮೇಲೆ ನಮ್ಮಂಥ ಹೊಟ್ಟೆ ಕೊಯ್ದೇ ಪಳಗಿದವರೂ ಮತ್ತೆ ಒಂದನೇ ಕ್ಲಾಸಿಗೆ ಬಂದೆವು. ನಾನು ಮೊದಲ ದಿನ ಇಕ್ಕಳದಿಂದ ಪಿತ್ತಕೋಶ ಹಿಡಿಯಲು ಹೋಗಿ ಮೂರು ಸಲ ಗಾಳಿಯನ್ನು ಹಿಡಿದೆ. ಸಿಸ್ಟರ್ ನಗು ತಡೆದುಕೊಂಡಿದ್ದು ಮಾಸ್ಕಿನ ಮೇಲಿಂದಲೇ ಕಾಣುತ್ತಿತ್ತು.

ಅಮೆರಿಕದಲ್ಲಿ ಇದಕ್ಕೆ ಎಫ್‌ಎಲ್‌ಎಸ್ (ಫಂಡಮೆಂಟಲ್ಸ್ ಆಫ್ ಲ್ಯಾಪ್ರೋಸ್ಕೋಪಿಕ್ ಸರ್ಜರಿ) ಎಂಬ ಪರೀಕ್ಷೆಯೇ ಇದೆ. ಡಬ್ಬದೊಳಗೆ ಐದು ಕೆಲಸ. ಮೊದಲನೆಯದು ಆರು ರಿಂಗುಗಳನ್ನು ಒಂದು ಕೈಯಿಂದ ಎತ್ತಿ, ನಡುವೆಯೇ ಇನ್ನೊಂದು ಕೈಗೆ ದಾಟಿಸಿ, ಆಚೆಯ ಗೂಟಕ್ಕೆ ಹಾಕಿ, ಮತ್ತೆ ವಾಪಸ್ ತರುವುದು. 300 ಸೆಕೆಂಡ್ ಮಿತಿ. ನಿಮ್ಮ ಮಗಳ ಕಡಲೆಕಾಳು ಇದರ ತಂಗಿ. ಕೊನೆಯದು ಡಬ್ಬದೊಳಗೇ ಹೊಲಿದು ಗಂಟು ಹಾಕುವುದು. ಅಲ್ಲೇ ಎಲ್ಲರೂ ಬೆವರುವುದು.

ಇದರಿಂದ ಉಪಯೋಗ ಇದೆಯಾ? ಯೇಲ್ ವಿಶ್ವವಿದ್ಯಾಲಯದವರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 16 ರೆಸಿಡೆಂಟರನ್ನು (ನಮ್ಮ ಪಿಜಿಗಳ ಹಾಗೆ) ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಕಂಪ್ಯೂಟರ್ ಸಿಮ್ಯುಲೇಟರಿನಲ್ಲಿ ತರಬೇತಿ, ಇನ್ನೊಂದಕ್ಕೆ ಇಲ್ಲ. ಆಮೇಲೆ ನಿಜವಾದ ರೋಗಿಗಳಲ್ಲಿ ಲಿವರಿನಿಂದ ಪಿತ್ತಕೋಶ ಬಿಡಿಸುವಾಗ ತರಬೇತಿ ಪಡೆದವರು 29% ಬೇಗ ಮುಗಿಸಿದರು. ತರಬೇತಿ ಇಲ್ಲದವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಬೇಡದ ಕಡೆ ಸುಡುವ ಸಾಧ್ಯತೆ ಐದು ಪಟ್ಟು ಜಾಸ್ತಿ ಇತ್ತು. ಸಣ್ಣ ಅಧ್ಯಯನ, ನಿಜ. ಆದರೆ ಆ ರೈತರ ಕಾಲು ಹೊಲಿದ ನನಗೆ ಅದನ್ನು ನಂಬಲು ಕಷ್ಟವಾಗಲಿಲ್ಲ.

ಡಬ್ಬವನ್ನು ಎತ್ತಿಡಬೇಡಿ. ಕಡಲೆಕಾಳು ಮಂಚದ ಕೆಳಗೆ ಬಿದ್ದರೆ ಅವಳೇ ಗುಡಿಸಲಿ.

ಪ್ರಶ್ನೆ: ಅಪ್ಪನಿಗೆ ಪಿತ್ತಕೋಶದಲ್ಲಿ ಕಲ್ಲು. ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಡೇಟ್ ಕೊಟ್ಟಿದ್ದಾರೆ. ಅಲ್ಲಿ ಪಿಜಿಗಳು ಕೈ ಪಳಗಿಸಿಕೊಳ್ಳುತ್ತಾರಂತೆ. ಸಾಲ ಮಾಡಿಯಾದರೂ ಪ್ರೈವೇಟಿಗೆ ಹೋಗಬೇಕಾ ಸರ್?
– ಓದುಗರು, ಹಾವೇರಿ

ಉತ್ತರ: ಸಾಲ ಬೇಡ. ಎರಡು ಮಾತು ಕೇಳಿ: ‘ಆಪರೇಷನ್ ಯಾರ ಜವಾಬ್ದಾರಿ? ಅವರು ಟೇಬಲ್ ಪಕ್ಕದಲ್ಲೇ ಇರುತ್ತಾರಾ?’ ಕೇಳುವುದು ನಿಮ್ಮ ಹಕ್ಕು, ಮುಜುಗರ ಬೇಡ.

ಡಬ್ಬ ಕಲಿಸದ ಒಂದು ವಿಷಯವಿದೆ. ಊದಿಕೊಂಡು ಅಂಟಿಕೊಂಡಿರುವ ಪಿತ್ತಕೋಶದಲ್ಲಿ ಯಾವ ನಾಳ ಯಾವುದು ಅಂತ ಗುರುತು ಹಿಡಿಯುವುದು. ನಾಳಕ್ಕೆ ಕ್ಲಿಪ್ ಹಾಕಿ ಕತ್ತರಿಸುವ ಮುನ್ನ ಅಂಟಿದ್ದನ್ನೆಲ್ಲ ಬಿಡಿಸಿರಬೇಕು. ಪಿತ್ತಕೋಶದ ಕೆಳಭಾಗ ಲಿವರಿನಿಂದ ಬಿಟ್ಟಿರಬೇಕು. ಪಿತ್ತಕೋಶಕ್ಕೆ ಹೋಗುವ ಎರಡೇ ಎರಡು ನಾಳ ಕಾಣಬೇಕು. ಸ್ಟ್ರಾಸ್‌ಬರ್ಗ್ ಎಂಬ ಸರ್ಜನ್ 1995ರಲ್ಲಿ ಇದಕ್ಕೊಂದು ಹೆಸರನ್ನೂ ಕೊಟ್ಟರು. ಅದು ಕಾಣದಿದ್ದರೆ ಕತ್ತರಿ ಮುಟ್ಟಬಾರದು. ಈ ತಾಳ್ಮೆ ಬರುವುದು ಪಕ್ಕದಲ್ಲಿ ನಿಂತ ಹಿರಿಯರಿಂದ. ಇಕ್ಕಳ ಹಿಡಿಯಲೇ ಒದ್ದಾಡುವ ಪಿಜಿಗೆ ಅವರ ಮಾತು ಕಿವಿಗೇ ಬೀಳುವುದಿಲ್ಲ. ಕೈ ಮೊದಲೇ ಪಳಗಿದ್ದರೆ ಬೀಳುತ್ತದೆ.

ಹಾಗಾಗಿ ಅಲ್ಲಿ ಪಿಜಿಗಳು ಕೈ ಪಳಗಿಸುವ ಸ್ಕಿಲ್ ಲ್ಯಾಬ್ ಇದೆಯಾ ಎಂದೂ ಕೇಳಿ. ತೆರೆದಿರುತ್ತದಾ ಎಂದೂ ಕೇಳಬೇಕಾಗುತ್ತದೆ. ಒಂದು ಕಾಲೇಜಿಗೆ ಪರೀಕ್ಷಕನಾಗಿ ಹೋಗಿದ್ದೆ. ದುಬಾರಿ ಸಿಮ್ಯುಲೇಟರಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಬೀಗದ ಕೈ ಸ್ಟೋರಿನವರ ಹತ್ತಿರ, ಅವರು ಅಂದು ರಜೆ.

ಪ್ರಶ್ನೆ: ನಾನೂ ಪಿಜಿ. ಡ್ಯೂಟಿ ಮುಗಿಸಿದರೆ ಕಣ್ಣು ಬಿಡಲು ಆಗಲ್ಲ. ದಿನಕ್ಕೆ ಎಷ್ಟು ಹೊತ್ತು ಪ್ರಾಕ್ಟೀಸ್ ಮಾಡಬೇಕು?
– ದಾವಣಗೆರೆ

ಉತ್ತರ: ಕಾಲು ಗಂಟೆ ಸಾಕಪ್ಪ, ಆದರೆ ದಿನಾ. ಭಾನುವಾರ ಒಂದೇ ಸಲ ಮೂರು ಗಂಟೆ ಕೂರುವುದಕ್ಕಿಂತ ಅದೇ ಒಳ್ಳೆಯದು. ಮೊಬೈಲಿನಲ್ಲಿ ಟೈಮ್ ಇಟ್ಟುಕೋ, ಎಡಗೈಯನ್ನು ಮರೆಯಬೇಡ. ದಾರಕ್ಕೆ ಓಟಿ ಸಿಸ್ಟರನ್ನು ಕೇಳು, ಅವಧಿ ಮುಗಿದ ಸಿಲ್ಕ್ ಇದ್ದರೆ ಕೊಡುತ್ತಾರೆ. ಹೊಲಿಗೆಗೆ ಪಚ್ಚಬಾಳೆಯಿಂದ ಶುರು ಮಾಡು, ಸಿಪ್ಪೆ ದಪ್ಪ. ಅದು ಹರಿಯುವುದು ನಿಂತ ಮೇಲೆ ಏಲಕ್ಕಿ ಬಾಳೆಗೆ ಬಾ.