ಕಹಿ ಕಿತ್ತಳೆ ಎಣ್ಣೆಗೆ ಹನಿ ಲೆಕ್ಕ ಸಾಲದು

ಅಕ್ಕಾ, ತೇರಿನ ದಿನ ಹಂಚಲೆಂದು ಜೇನುಮೇಣದ ಸುಗಂಧ ಮುಲಾಮು ಮಾಡಿದ್ದೀರಿ, 10 ಗ್ರಾಂ ಡಬ್ಬಿಗೆ ಸಿಪ್ಪೆ ಹಿಂಡಿ ತೆಗೆದ ಕಹಿ ಕಿತ್ತಳೆ ಎಣ್ಣೆ 15 ಹನಿ ಎಂದು ಬರೆದಿದ್ದೀರಿ. ದಯವಿಟ್ಟು ಒಂದು ಡಬ್ಬಿಯನ್ನೂ ಯಾರಿಗೂ ಕೊಡಬೇಡಿ. ನಾನು ಮಾಡಿದ ತಪ್ಪು ಇದೇ.

ಅಂಥದ್ದೇ ಮುಲಾಮನ್ನು ಕುತ್ತಿಗೆಯ ಎರಡೂ ಬದಿಗೆ ಎಳೆದುಕೊಂಡು ಮಲ್ಪೆಯ ಕಡಲತೀರದಲ್ಲಿ ಮಧ್ಯಾಹ್ನ ಎರಡು ಗಂಟೆ ಕುಳಿತಿದ್ದೆ. ರಾತ್ರಿ ಉರಿ ಶುರುವಾಯಿತು. ಮೂರನೆಯ ದಿನಕ್ಕೆ ಬೆರಳು ಹೋದ ದಾರಿಯಲ್ಲೇ, ಬೆರಳಿನಷ್ಟೇ ಅಗಲಕ್ಕೆ, ಕಂದು ಪಟ್ಟೆ ಎದ್ದಿತು. ಅದು ಮಾಸಲು ಐದು ತಿಂಗಳು ಹಿಡಿಯಿತು. ತಂಗಿಯ ಮದುವೆಯಲ್ಲಿ ಇಡೀ ದಿನ ಕಾಲರಿನ ಗುಂಡಿ ಬಿಚ್ಚಲಿಲ್ಲ.

ಸಿಪ್ಪೆ ಹಿಂಡಿದ ಎಣ್ಣೆಯಲ್ಲಿ ಫ್ಯೂರಾನೊಕೌಮರಿನ್‌ಗಳಿರುತ್ತವೆ, ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಅವು ಚರ್ಮವನ್ನು ಸುಡುತ್ತವೆ. ಬಿಸಿಲು ತಾಗುವ ಮೈಗೆ ಮಿತಿ ಶೇ 1.25. ಎಂದರೆ ನಿಮ್ಮ ಡಬ್ಬಿಗೆ 0.125 ಗ್ರಾಂ, ಹನಿಯಲ್ಲಿ ಕೆಲವೇ ಕೆಲವು. ಹನಿಯನ್ನಂತೂ ನಂಬಲೇಬೇಡಿ, ಒಂದೊಂದು ಡ್ರಾಪರಿನದು ಒಂದೊಂದು ಗಾತ್ರ. 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ತೆಗೆದುಕೊಳ್ಳಿ. ಬರ್ಗಮಾಟ್ (ಇದೂ ಒಂದು ಸಿಟ್ರಸ್ ಹಣ್ಣಿನ ಸಿಪ್ಪೆ ಎಣ್ಣೆ) ಕೂಡ ಹಾಕುವುದಾದರೆ ಅದರ ಮಿತಿ ಶೇ 0.4, ಎರಡನ್ನೂ ಪೂರ್ತಿ ಮಿತಿಗೆ ಹಾಕುವಂತಿಲ್ಲ, ಅರ್ಧರ್ಧಕ್ಕೆ ಇಳಿಸಬೇಕು.

ಹಾಗಾದರೆ ಕಹಿ ಪರಿಮಳ ಸಾಲುವುದಿಲ್ಲ ಎನ್ನುತ್ತೀರಿ. ಪೆಟಿಗ್ರೇನ್ ಹಾಕಿ! ಅದೇ ಮರದ ಎಲೆ, ಎಳೆ ಕಡ್ಡಿಗಳನ್ನು ಹಬೆಯಲ್ಲಿ ಬಟ್ಟಿ ಇಳಿಸಿದ್ದು. ಬಿಸಿಲಿನ ಈ ಕಾಟ ಅದಕ್ಕಿಲ್ಲ. ನನ್ನ 10 ಗ್ರಾಂ ಡಬ್ಬಿಯಲ್ಲಿ ಸಿಪ್ಪೆ ಎಣ್ಣೆ 0.1, ಪೆಟಿಗ್ರೇನ್ 0.25, ಲಾವಂಚ 0.1 ಗ್ರಾಂ. ಸಿಪ್ಪೆಯ ವಾಸನೆ ಬೇಗ ಹಾರುತ್ತದೆ, ಲಾವಂಚ ಹಿಡಿದು ನಿಲ್ಲಿಸುತ್ತದೆ. ಮೇಣ ಕರಗಿ, ಆರಿ, ಅಂಚು ಮಸುಕಾಗುವ ಹೊತ್ತಿಗೆ ಎಣ್ಣೆ ಬೆರೆಸಿ. ಕುದಿಯುವ ಮೇಣಕ್ಕೆ ಸುರಿದರೆ ಪರಿಮಳವೆಲ್ಲ ಅಡುಗೆಮನೆಯ ಪಾಲು. ಎರಡು ವಾರ ಮುಚ್ಚಿಡಿ. ಇಷ್ಟಾದರೂ ಹೊಸಬರಿಗೆ ಕೊಡುವಾಗ ಬಟ್ಟೆ ಮುಚ್ಚುವ ಜಾಗಕ್ಕೆ ಹಚ್ಚಲು ಹೇಳಿ.

ಬರೀ ‘ಆರೆಂಜ್ ಆಯಿಲ್’ ಎಂದು ಚೀಟಿ ಅಂಟಿಸಿ ಮಾರುವವರಿಂದ ಕೊಳ್ಳಬೇಡಿ. ಸಿಟ್ರಸ್ ಔರಾಂಟಿಯಮ್ ಎಂಬ ಕಹಿ ಕಿತ್ತಳೆಯ ಶಾಸ್ತ್ರೀಯ ಹೆಸರೂ ಹಿಂಡಿದ್ದೋ ಬಟ್ಟಿ ಇಳಿಸಿದ್ದೋ ಎಂಬುದೂ ಚೀಟಿಯಲ್ಲಿರಬೇಕು. ಹಿತ್ತಿಲಿನ ಹೇರಳೆ, ಕಂಚಿಯ ಸಿಪ್ಪೆಯನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ ಹಚ್ಚಿ ಎಂದು ಕೆಲವರು ಸಲಹೆ ಕೊಟ್ಟದ್ದನ್ನೂ ನೋಡಿದೆ. ಊರಿಗೊಂದು ಹೆಸರಿರುವ ಹಣ್ಣುಗಳು ಅವು, ಯಾವುದರಲ್ಲಿ ಏನಿದೆಯೋ ತಿಳಿಯದು, ಉಪ್ಪಿನಕಾಯಿಗಿರಲಿ.

ಬಾಟಲಿ ಫ್ರಿಜ್ಜಿನಲ್ಲಿರಲಿ. ಕಹಿ ಕಿತ್ತಳೆ ಎಣ್ಣೆಯ ಬಹುಪಾಲು ಲಿಮೊನೀನ್ ಎಂಬ ಸಂಯುಕ್ತ. ನಮ್ಮ ಸೆಕೆಯಲ್ಲಿ ಅರ್ಧ ಖಾಲಿ ಬಾಟಲಿಯೊಳಗೆ ಗಾಳಿ ಸೇರಿ ಬೇಗ ಕೆಡುತ್ತದೆ, ಕೆಟ್ಟದ್ದು ತುರಿಕೆ ತರುತ್ತದೆ. ಕಡಿಮೆಯಾದಂತೆ ಚಿಕ್ಕ ಕಂದು ಶೀಶೆಗೆ ತುಂಬಿಸಿ, ತೆರೆದ ದಿನಾಂಕ ಬರೆಯಿರಿ. ಟರ್ಪಂಟೈನ್ ವಾಸನೆ ಬಂದರೆ ಚೆಲ್ಲಿ. ರಬ್ಬರ್ ಡ್ರಾಪರ್ ಹಾಕಿಟ್ಟರೆ ರಬ್ಬರು ಉಬ್ಬಿ ಜಿಗುಟಾಗುತ್ತದೆ.

ನೆರೋಲಿಯಂತೆ (ಕಹಿ ಕಿತ್ತಳೆ ಹೂವನ್ನು ಹಬೆಯಲ್ಲಿ ಬಟ್ಟಿ ಇಳಿಸಿದ ಎಣ್ಣೆ) ಶಂಕರಪುರ ಮಲ್ಲಿಗೆಯನ್ನೂ ಹಬೆಗಿಡಬಹುದೇ ಎಂದು ಕೇಳಿದವರಿಗೂ ಒಂದು ಮಾತು: ಇಡಬೇಡಿ, ಆ ಬಿಸಿಗೆ ಮಲ್ಲಿಗೆಯ ಪರಿಮಳ ಕೆಡುತ್ತದೆ. ತಟ್ಟೆಗೆ ಗಟ್ಟಿ ಕೊಬ್ಬು ಸವರಿ, ಒದ್ದೆಯಿಲ್ಲದ ಹೂ ಹರಡಿ, ದಿನವೂ ಹೂ ಬದಲಿಸಿ, ಪರಿಮಳ ಕೊಬ್ಬಿಗಿಳಿಯುತ್ತದೆ.