ಸೌಂಡ್ ಎಡಿಟರ್ ಆಗಬೇಕೆಂದರೆ ಮೊದಲು ಡೈಲಾಗ್ ಟ್ರ್ಯಾಕ್ ಹಿಡಿಯಿರಿ

ನೀವು ಕೇಳಿದ್ದು: ಡಿಗ್ರಿ ಮುಗಿಸಿ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇನೆ, ರಸೂಲ್ ಪೂಕುಟ್ಟಿಯವರ ಹಾಗೆ ಆಸ್ಕರ್ ಗೆಲ್ಲುವಂಥ ಸೌಂಡ್ ಎಡಿಟರ್ ಆಗಲು ಎಲ್ಲಿಂದ ಶುರು ಮಾಡಲಿ?

ಒಂದು ತಿದ್ದುಪಡಿ. 2009ರಲ್ಲಿ ಅವರಿಗೆ ಆಸ್ಕರ್ ಬಂದದ್ದು ಸೌಂಡ್ ಮಿಕ್ಸಿಂಗ್‌ಗೆ, ಅಂದರೆ ಎಲ್ಲ ಸದ್ದುಗಳನ್ನು ಹದವಾಗಿ ಬೆರೆಸುವ ಕೆಲಸಕ್ಕೆ, ಇನ್ನಿಬ್ಬರ ಜತೆ. ಸದ್ದುಗಳನ್ನು ಆರಿಸಿ, ಕತ್ತರಿಸಿ, ಜೋಡಿಸುವ ಎಡಿಟಿಂಗ್‌ಗೆ ಆಗ ಬೇರೆ ಪ್ರಶಸ್ತಿಯಿತ್ತು. 2021ರ ಸಮಾರಂಭದಿಂದ ಎರಡನ್ನೂ ಒಂದು ಮಾಡಿದರು. ಅವರು ಓದಿದ್ದು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ. ಅಲ್ಲಿ ಸೀಟು ಸಿಕ್ಕರೆ ಕಣ್ಣುಮುಚ್ಚಿ ಸೇರಿ. ಸಿಗದಿದ್ದರೆ ಮುಂಬೈಯ ಅಂಧೇರಿ ಕಡೆಯ ಯಾವುದಾದರೂ ಸ್ಟುಡಿಯೋದಲ್ಲಿ ಅಸಿಸ್ಟೆಂಟ್ ಆಗಿ. ನಾನಾದರೆ ಗುಂಡೇಟು, ಬಾಂಬಿನ ಸದ್ದು ಬಿಟ್ಟು ಮೊದಲು ಡೈಲಾಗ್ ಎಡಿಟಿಂಗ್, ಅಂದರೆ ಶೂಟಿಂಗಿನಲ್ಲಿ ರೆಕಾರ್ಡ್ ಆದ ಮಾತನ್ನು ಶುಚಿ ಮಾಡಿ ಜೋಡಿಸುವುದನ್ನು ಕಲಿಯಿರಿ ಅನ್ನುತ್ತೇನೆ.

ಪಿಕ್ಚರ್ ಎಡಿಟರ್ ಕಡೆಯಿಂದ ಎಎಎಫ್ (ಎಡಿಟ್ ಆದ ಸದ್ದಿನ ಕ್ಲಿಪ್ಪುಗಳನ್ನು ಜೋಡಣೆಯ ಸಮೇತ ಕಳಿಸುವ ಫೈಲ್) ತರಿಸುವಾಗ ಪ್ರತಿ ಕ್ಲಿಪ್ಪಿನ ಎರಡೂ ತುದಿಗೆ ಕನಿಷ್ಠ 48 ಫ್ರೇಮ್ ಹ್ಯಾಂಡಲ್, ಅಂದರೆ ಕತ್ತರಿಸಿದ ಜಾಗದಿಂದಾಚೆಗಿನ ಹೆಚ್ಚುವರಿ ಸದ್ದು ಕೇಳಿ. ಇಲ್ಲದಿದ್ದರೆ ಕ್ರಾಸ್‌ಫೇಡ್ (ಒಂದು ಕ್ಲಿಪ್ ಕರಗುತ್ತಾ ಇನ್ನೊಂದು ಏರುವುದು) ಹಾಕಲು ಜಾಗವೇ ಇರುವುದಿಲ್ಲ. ಸೆಷನ್, ಅಂದರೆ ಆಡಿಯೋ ಸಾಫ್ಟ್‌ವೇರಿನಲ್ಲಿ ನೀವು ತೆರೆಯುವ ಪ್ರಾಜೆಕ್ಟ್, 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿರಲಿ. ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್) ಬಾಯಿಮಾತಿನಲ್ಲಿ ನಂಬಬೇಡಿ: ವಿಡಿಯೋ 23.976, ಸೆಷನ್ 24 ಆಗಿಬಿಟ್ಟರೆ ಮೊದಲ ಶಾಟ್ ಸರಿಯಾಗಿಯೇ ಕಾಣುತ್ತದೆ, 20 ನಿಮಿಷದ ರೀಲಿನ ಕೊನೆಗೆ ತುಟಿಗೂ ಮಾತಿಗೂ 1.2 ಸೆಕೆಂಡ್ ಅಂತರ. ಅದಕ್ಕೇ ಸಿಂಕ್ ನೋಡುವುದು ಕೊನೆಯ ಶಾಟಿನಲ್ಲಿ.

ಬೂಮ್ (ಕೋಲಿಗೆ ಕಟ್ಟಿ ಹಿಡಿಯುವ ಮೈಕ್), ಲೇಪಲ್ (ನಟರ ಬಟ್ಟೆಗೆ ಸಿಕ್ಕಿಸುವ ಮೈಕ್) ಎರಡನ್ನೂ ಒಟ್ಟಿಗೆ ತೆರೆದಿಟ್ಟರೆ ಮಾತು ಡಬ್ಬದೊಳಗಿಂದ ಬಂದ ಹಾಗಿರುತ್ತದೆ. ಬೂಮ್ ಲೇಪಲ್‌ಗಿಂತ ಒಂದು ಮೀಟರ್ ಹಿಂದಿದ್ದರೆ ಅದಕ್ಕೆ ಸದ್ದು ತಲುಪುವುದು ಸುಮಾರು 3 ಮಿಲಿಸೆಕೆಂಡ್ ತಡ. ಒಂದನ್ನು ಆರಿಸಿ, ಎರಡೂ ಬೇಕೇಬೇಕೆಂದರೆ ವೇವ್‌ಫಾರ್ಮ್ (ಪರದೆಯ ಮೇಲಿನ ಸದ್ದಿನ ಅಲೆಯ ಚಿತ್ರ) ನೋಡಿ ಒಂದನ್ನು ಇನ್ನೊಂದಕ್ಕೆ ಹೊಂದುವಂತೆ ಸರಿಸಿ.

ಮಾತುಗಳ ನಡುವಿನ ಸಂದಿಗೆ ಅದೇ ಶಾಟಿನ ರೂಮ್ ಟೋನ್, ಅಂದರೆ ಯಾರೂ ಮಾತಾಡದಾಗ ಆ ಜಾಗದಲ್ಲಿರುವ ಸದ್ದು, ತುಂಬಬೇಕು. ಮುಂಬೈಯಲ್ಲಿ ಇದು ತಲೆನೋವು, ಕಾಗೆ ಎಲ್ಲಿ ಹೋದರೂ ಬಿಡುವುದಿಲ್ಲ. ಎರಡು ಸೆಕೆಂಡಿನ ತುಂಡನ್ನೇ ಲೂಪ್ ಮಾಡಿದರೆ ಅದೇ ಕಾಗೆ ತಾಳ ಹಾಕಿದಂತೆ ಕೂಗುತ್ತದೆ, ಥಿಯೇಟರಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ಕನ್ನಡ ಸಿನಿಮಾ ಕೈಗೆ ಬಂದರೆ ಇನ್ನೊಂದು ಎಚ್ಚರ. ನಮ್ಮ ಮಾತು ಮುಗಿಯುವುದು ಸ್ವರದಲ್ಲಿ. 'ಬಂದ', 'ಬಂದೆ', 'ಬಂದು' ಮೂರಕ್ಕೂ ವ್ಯತ್ಯಾಸ ಆ ಕೊನೆಯ ಚೂರು ಸದ್ದಿನಲ್ಲಿದೆ, ನಟರು ಅದನ್ನೇ ನುಂಗಿಬಿಡುತ್ತಾರೆ. ಫ್ಯಾನಿನ ಗುಂಯ್‌ಗುಡುವಿಕೆ ತೆಗೆಯಲು ಹೋಗಿ ಡಿನಾಯ್ಸ್ (ಗದ್ದಲ ತೆಗೆಯುವ ಸಾಧನ) ಜಾಸ್ತಿ ಒತ್ತಿದರೆ, ಇಲ್ಲವೇ ಫೇಡ್ ಎರಡು ಫ್ರೇಮ್ ಮುಂಚೆಯೇ ಎಳೆದರೆ, ಬಂದದ್ದು ನಾನೋ ಅವನೋ ತಿಳಿಯುವುದಿಲ್ಲ. ಕನ್ನಡ ಬಾರದ ಎಡಿಟರ್‌ಗೆ ಇದು ಕೇಳಿಸುವುದೂ ಇಲ್ಲ. ನಿಮಗೆ ಕೇಳಿಸುತ್ತದೆ, ಕೆಲಸ ಕೇಳಲು ಹೋದಾಗ ಅದನ್ನು ಹೇಳಿ.